ಡಿಕ್ಕಿ

ಬಿ.ಎಂ. ರಸ್ತೆಯ ಷೋರೂಮಿನ ಮಹಡಿ ಮೇಲೆ
ಪರದೆ ಎಳೆದು ಕತ್ತಲು ಮಾಡಿ
ಮೂರು ದಿನ ಕಲಿಸಿದರು ನಮಗೆ.
ಕೊಯಮತ್ತೂರಿನಿಂದ ಬಂದ ಟ್ರೈನರ್ ಸೆಲ್ವಿನ್ ಸರ್
ಗೋಡೆ ಮೇಲೆ ಕಾರನ್ನು ಸೀಳಿ ಸೀಳಿ ತೋರಿಸಿದರು,
ಹೈಸ್ಕೂಲಲ್ಲಿ ಕಪ್ಪೆ ಕೊಯ್ದ ಹಾಗೆ.
ನೆಲದಿಂದ ನೂರ ತೊಂಬತ್ತು ಮಿಲಿಮೀಟರ್.
ಆರು ಏರ್‌ಬ್ಯಾಗ್. ಒಂದೊಂದೂ ಬಿಚ್ಚಿಕೊಳ್ಳಲು
ಮೂವತ್ತು ಮಿಲಿಸೆಕೆಂಡ್.
'ಡಿಕ್ಕಿ ಅನ್ನಬೇಡಿ, ಬೂಟ್ ಸ್ಪೇಸ್ ಅನ್ನಿ.
ಮುನ್ನೂರ ಎಂಬತ್ತು ಲೀಟರ್. ಎಲ್ಲರೂ ಹೇಳಿ.'
ಹೇಳಿದೆವು, ಮಗ್ಗಿ ಒಪ್ಪಿಸುವ ರಾಗದಲ್ಲಿ.

ಪರೀಕ್ಷೆಯಲ್ಲಿ ನನಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು.
ನನ್ನ ಸ್ವಂತ ವಾಹನ
ಹೊಳೆನರಸೀಪುರದ ಬಸ್ಸಿನ ಪಾಸು.

ನಾಲ್ಕನೇ ದಿನ ಬಂದವರು ಜಯಶೀಲಮ್ಮ,
ದುದ್ದದ ಆಚೆ ಒಂದು ಹಾಲಿನ ಡೇರಿಯ ಸೆಕ್ರೆಟರಿ.
ಚಪ್ಪಲಿ ಬಾಗಿಲಲ್ಲೇ ಬಿಟ್ಟರು.
ಬೇಡಿ ಅಂದೆ.
'ನೆಲ ಕನ್ನಡಿ ಇದ್ದಂಗದೆ ಕಣವ್ವ.'

ಬೂಟ್ ಸ್ಪೇಸ್ ಮೇಡಂ, ಮುನ್ನೂರ ಎಂಬತ್ತು ಲೀಟರ್.
'ಯಾವ್ದು?'
ಡಿಕ್ಕಿ, ಅಂದೆ, ಸುತ್ತ ನೋಡಿ, ಮೆಲ್ಲಗೆ.
ಬಗ್ಗಿ ಒಳಗೆಲ್ಲ ಗೇಣು ಹಾಕಿದರು.
'ಅಂದ್ರೆ ಒಂಬತ್ತೂವರೆ ಕ್ಯಾನು ಹಾಲು.
ಹಂಗೇ ಸುರಿದ್ರೆ. ಕ್ಯಾನು ಇಟ್ಟು ನೋಡು,
ನಾಲ್ಕು ಹಿಡಿದ್ರೆ ಹೆಚ್ಚು.
ಕ್ಯಾನಿಗೂ ಕ್ಯಾನಿಗೂ ನಡುವೆ ಗಾಳಿ ಇರ್ತದಲ್ಲ,
ಅದನ್ನೂ ಲೀಟರ್ ಲೆಕ್ಕದಲ್ಲೇ ಮಾರ್ತೀರಾ?'
ಮೂರು ದಿನದಲ್ಲಿ ಯಾರೂ ಆ ಗಾಳಿಯ ಸುದ್ದಿ ಎತ್ತಿರಲಿಲ್ಲ.

ಆಮೇಲೆ ಸ್ಟೀರಿಂಗಿನ ಮೇಲೆ ಬೆರಳಿಟ್ಟರು:
'ಇದ್ರೊಳಗಿಂದ ಚೀಲ ಬರ್ತದಂತೆ.
ನೀನು ಕಂಡಿದೀಯಾ?'
ಇದಕ್ಕೆ ಟ್ಯಾಬಿನಲ್ಲಿ ವಿಡಿಯೊ ಇದೆ, ಸಂಗೀತದ ಸಮೇತ.
ನಾನು ಅವರನ್ನು ಹಿಂದಿನ ಸರ್ವೀಸ್ ಶೆಡ್ಡಿಗೆ ಕರೆದೊಯ್ದೆ.

ಶಾಂತಿಗ್ರಾಮದ ಹತ್ತಿರ ಟ್ರಾಕ್ಟರಿಗೆ ಗುದ್ದಿದ ಕಾರು
ಇನ್ಶೂರೆನ್ಸಿನವರಿಗೆ ಕಾಯುತ್ತಿತ್ತು, ಮೂತಿಯಿಲ್ಲದೆ.
ಮುಬಾರಕ್ ಸೊಟ್ಟ ಬಾಗಿಲು ಜಗ್ಗಿದ.
ಜೋತುಬಿದ್ದಿತ್ತು ಚೀಲ,
ಆರಿದ ಹಾಲಿನ ಕೆನೆ ಎತ್ತಿದ ಹಾಗೆ.
ಬಿಳಿ ಹುಡಿ, ಸುಟ್ಟ ಪಟಾಕಿಯ ವಾಸನೆ,
ನಡುವೆ ಕೆಂಪಗೆ ಒಂದು ಗುರುತು.
ರಕ್ತವಲ್ಲ. ಕುಂಕುಮ.
'ಆರಾಮಿದಾರೆ,' ಅಂದ ಮುಬಾರಕ್, 'ಮೂಗು ಊದಿತ್ತು ಅಷ್ಟೆ.
ಬೆಲ್ಟ್ ಹಾಕಿದ್ರು.'
ಜಯಶೀಲಮ್ಮ ಆ ಗುರುತನ್ನೇ ನೋಡಿದರು,
ಫ್ಯಾಟ್ ಟೆಸ್ಟಿನ ಗಾಜಿನ ಕೊಳವೆ ನೋಡುವವರಂತೆ
ಒಂದು ಕಣ್ಣು ಕಿರಿದು ಮಾಡಿ, ಬಹಳ ಹೊತ್ತು.

ಡಿಕ್ಕಿ ಅಂದರೆ ಇದೂ ತಾನೆ, ನಮ್ಮ ಮಾತಿನಲ್ಲಿ.
ಸೆಲ್ವಿನ್ ಸರ್ ಗೊತ್ತಿದ್ದೇ ಬೇಡ ಅಂದರೋ ಏನೋ.

ಓಡಿಸುವುದು ಯಾರು, ಮಗನಾ, ಅಂತ ಕೇಳಿದೆ.
'ನಾನೇ. ಎಂಟು ಹಾಕೋದು ಕಲೀತಾ ಇದೀನಿ.'

ಸಂಜೆ ಫಾರಮ್ಮು ತುಂಬಬೇಕು:
ಗಿರಾಕಿ ಹಾಟೋ, ವಾರ್ಮೋ, ಕೋಲ್ಡೋ.
ಅವರು ಬೆಲೆ ಕೇಳಿರಲಿಲ್ಲ. ಬಣ್ಣವನ್ನೂ.
ಕಾಫಿ ಕುಡಿದು, ತೊಳೆಯಲು ನಲ್ಲಿ ಹುಡುಕಿ,
ಅದು ಪೇಪರ್ ಲೋಟವೆಂದು ಗೊತ್ತಾಗಿ ನಕ್ಕು,
ಡೇರಿಯ ಹೊಸ ಕೂಲರಿನ ಸುದ್ದಿ ಹೇಳಿ ಹೋಗಿದ್ದರು:
'ನಾಲ್ಕು ಡಿಗ್ರೀಲಿ ಇಡ್ತೀವಿ.
ಬೆಚ್ಚಗಿದ್ದ ಹಾಲೇ ಮೊದ್ಲು ಒಡೆಯೋದು.'

ಕೋಲ್ಡ್ ಅಂತ ಗುರುತು ಹಾಕಿದೆ.
ಮ್ಯಾನೇಜರ್ ಧರಣೇಂದ್ರ ಸರ್ ಹುಬ್ಬು ಗಂಟಿಕ್ಕಿದರು.
ಕೆಡಲ್ಲ ಸರ್, ಅಂದೆ.