ಡಬ್ಬಿ ಬಾಡಿಗಿ ಅಷ್ಟೇ ಅದ

ಖಾನಾವಳಿ ಹಿಂದಿನ ಗ್ವಾಡಿ ಕೆಡವಿದೆವು.
ಧೂಳು ಮೂರು ದಿನ ಕೆಳಗಿಳಿಯಲಿಲ್ಲ,
ಝುಣಕದಾಗೂ ಸುಣ್ಣದ ರುಚಿ.
ನಾಲ್ಕನೇ ದಿನ ಲಾಡ್ಲೇಸಾಬ
ಕಬ್ಬಿಣದ ಡಬ್ಬಿ ತಂದು ಬಾಗಿಲ ಮುಂದ ಇಳಿಸಿದ.
ಎಮ್ಮಿ ಮಲಗುವಷ್ಟು ಜಾಗ,
ಹಸರು ಬಣ್ಣ, ಮೂಲ್ಯಾಗ ತುಕ್ಕಿನ ತೂತು.

ಎಷ್ಟು ಅಂದೆ.
"ಡಬ್ಬಿ ಬಾಡಿಗಿ ಅಷ್ಟೇ ಅದ ಅಕ್ಕಾ, ಎಂಟುನೂರು.
ಹ್ವಾದ ವರ್ಷನೂ ಎಂಟುನೂರು."
ಮತ್ತ ಚೀಟಿ ಮ್ಯಾಲ
ಎರಡು ಸಾವಿರದ ಮುನ್ನೂರು ಯಾಕ?
ಕಿವಿ ಮ್ಯಾಲಿನ ಬೀಡಿ ತಗದ, ಹಚ್ಚಲಿಲ್ಲ.
"ಉಳಿದದ್ದು ಖಣೀದು.
ಮೂರು ಟನ್ ಹಿಡದೀನಿ, ಅಂದಾಜು."

ಯಾವ ಖಣಿ ಅಂತ ಕೇಳಲಿಲ್ಲ.
ಶಹಾಬಾದದಾಗ ಹುಟ್ಟಿದವರು ಕೇಳೋದಿಲ್ಲ.
ನಮ್ಮಪ್ಪ ಅಲ್ಲಿ ಉಳಿ ಬಡಿದು
ಕಲ್ಲಿನ ಪದರು ಬಿಡಿಸುತ್ತಿದ್ದ,
ಉಬ್ಬಿದ ರೊಟ್ಟಿಯ ಮ್ಯಾಲಿನ ಪಾಪಡಿ ಬಿಡಿಸಿದ ಹಂಗ,
ಒಂದೂ ಹರಿಯದ ಹಂಗ.
ಆಗ ಒಂದೊಂದು ಫರಸಿ ಮ್ಯಾಲ ಬರಬೇಕಂದ್ರ
ಸರಕಾರಕ್ಕ ರೊಕ್ಕ ಕಟ್ಟಬೇಕಿತ್ತು.
ಈಗ ಅದೇ ಫರಸಿ ಒಡದು ತಿರುಗಿ ಹೋಗಬೇಕಂದ್ರ
ಟನ್ನಿಗೆ ಐದುನೂರು.
ಕಲ್ಲಿಗೂ ಬಸ್ ಚಾರ್ಜು
ಹೋಗಿ ಬರೋದು ಎರಡೂ.

"ತಗ್ಗು ತುಂಬಲಿಕ್ಕ ಬಂದದ,
ರೇಟು ಹಚ್ಚಿದರ ಮಂದಿ ಕಡಿಮಿ ಚೆಲ್ತಾರಂತ,"
ಅಂದ ಲಾಡ್ಲೇಸಾಬ, ಡಬ್ಬಿಗೆ ಕಾಲು ಕೊಟ್ಟು.
"ರಾತ್ರಿ ಕಾಗಿಣಾ ದಂಡಿಗೆ ಸುರಿದು ಬರೋರೂ ಅದಾರ.
ಅವರು ಹದಿನೈದುನೂರು ಕೇಳ್ತಾರ. ಬೇಕಂದ್ರ ಹೇಳು,
ನಂಬರ್ ಕೊಡತೀನಿ, ನಾ ಹೋಗಂಗಿಲ್ಲ."
ಮಾತಿನ ನಡುವ ನನ್ನ ಮಾರಿ ನೋಡಲಿಲ್ಲ.
ನಾನೂ ಒಂದು ಗಳಿಗಿ ಸುಮ್ಮನಿದ್ದೆ,
ಎಂಟುನೂರು ಉಳೀತಾವ ಅನ್ನೋದು
ಬಾಯಿಗೆ ಬಂದು ಹ್ವಾದದ್ದು ಖರೆ.

ಆ ರಾತ್ರಿ ಬ್ಯಾಟರಿ ಹಿಡಕೊಂಡು
ಡಬ್ಬಿ ಕಾಯಕೋತ ಕುಂತೆ.
ಬಂಗಾರ ಕಾಯೋದು ಸಸಾರ,
ಅಲ್ಲಿ ಒಯ್ಯೋರು ಬರ್ತಾರ.
ಇಲ್ಲಿ ಕೊಡೋರು.
ಕಾಲು ಮುರದ ಕುರ್ಚಿ ಎತ್ತಿಕೊಂಡು ಬಂದ ಚಂದಪ್ಪ
ನನ್ನ ಕಂಡು, "ಇನ್ನೂ ಮಲಗಿಲ್ಲೇನ್ರಿ?" ಅಂದು
ಕುರ್ಚಿಗೆ ಊರು ತೋರಸಾಕ ಬಂದವರ ಹಂಗ
ಹೊಳ್ಳಿ ನಡದ.
ಒಬ್ಬಾಕಿ ತೊಯ್ದ ಗಾದಿ ತಂದಿದ್ದಳು.
ತೊಯ್ದದ್ದಕ್ಕ ಹೆಚ್ಚು ರೊಕ್ಕ ನಮ್ಮವ್ವಾ,
ಒಣಗಿಸಿ ತಾ ಅಂದೆ. ತರಲಿಲ್ಲ.

ನಸುಕಿನ್ಯಾಗ ನಾಕು ಹನಿ.
ಎದ್ದು ಓಡಿ ತಾಡಪತ್ರಿ ಹೊಚ್ಚಿದೆ.
ಮಗಳು ಬಾಗಿಲಾಗ ನಿಂತು ನಕ್ಕಳು,
ಒಗದ ಅರಿವಿ ಹೊರಗ ತೊಯ್ಯಲಿಕ್ಹತ್ಯಾವ,
ನೀ ರಾಡಿಗೆ ಕೊಡಿ ಹಿಡೀತಿ.

ಬೆಳಗಾದ ಮ್ಯಾಲ ಕೈಯಿಂದ ಆರಿಸಿದೆ.
ಇಡೀ ಫರಸಿ ಹನ್ನೊಂದು ಸಿಕ್ಕವು.
ಎರಡು ಅರಿವಿ ಒಗಿಯೋ ಕಲ್ಲಾದವು,
ಒಂದನ್ನ ಚಂದಪ್ಪನೇ ಒಯ್ದ, ಮೋರಿ ಮ್ಯಾಲ ಹಾಕಾಕ.
ಇಟ್ಟಂಗಿ ಚೂರು ಅಂಗಳದ ತಗ್ಗಿಗೆ.
ಗ್ವಾಡಿಯ ಒಂದು ತುಂಡಿನ ಮ್ಯಾಲ
ಇದ್ದಲಿಯಿಂದ ಎಳದ ಗೀಟು, ನನ್ನ ಕೈಯವೇ:
ಹಾಲಿನ ಲೆಕ್ಕ, ಯಾವುದೋ ಶ್ರಾವಣದ್ದು.
ಹದಿನೇಳು ಲೀಟರು ಕೊಟ್ಟೆನೋ ಇಲ್ಲೋ ನೆನಪಿಲ್ಲ,
ಹಾಲಿನ ರೇವಮ್ಮ ಈಗ ಇಲ್ಲ.
ಅದನ್ನ ಡಬ್ಬಿಗೇ ಹಾಕಿದೆ. ಸಾವಕಾಶ ಹಾಕಿದೆ.

ಕಾಂಟಾದ ಮ್ಯಾಲ ತೂಗಿದರ
ಎರಡು ಟನ್ನಿಗೆ ತುಸು ಕಡಿಮಿ.
ಲಾಡ್ಲೇಸಾಬ ಐದುನೂರರ ನೋಟು ತಿರುಗಿ ಕೊಟ್ಟು
ಆಮ್ಯಾಲ ಬೀಡಿ ಹಚ್ಚಿದ.

ಹೊಸ ಗ್ವಾಡಿ ಎದ್ದ ಮ್ಯಾಲ
ರೊಟ್ಟಿಗೆ ಒಂದು ರೂಪಾಯಿ ಏರಿಸಿದೆ.
ಮೊದಲು ತಕರಾರು ತಗದಾವ
ಖಣಿ ಕಾಂಟಾದಾಗ ಚೀಟಿ ಹರಿಯೋ ಹುಡುಗ, ವೀರಭದ್ರ.
"ಯಾಕ್ರೀ ಅಕ್ಕಾರ, ಜೋಳ ಇಳದದಲ್ಲ?"

ರೊಟ್ಟಿ ಅಷ್ಟೇ ಅದಪಾ, ಅಂದೆ.
ಉಳಿದದ್ದು ನಿನ್ನದು.
ಕೆಂಪು ಚಟ್ನಿ ಇನ್ನೊಂದು ಚಮಚಾ ಹಾಕಿದೆ,
ಅದಕ್ಕ ರೊಕ್ಕ ಹಿಡಿಯಲಿಲ್ಲ.