ತಡದ ಲೆಕ್ಕ

ಹತ್ತೊಂಬತ್ತು ವರ್ಷದಿಂದ ನೆಸ್ಟಾ ಪ್ರಾಬರ್ಟ್
ನೀಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ:
ಏಳು ಹತ್ತರ ಗಾಡಿ, ಹದಿನಾಲ್ಕು ನಿಮಿಷ ತಡ. ಹಳಿಯ ಮೇಲೆ ತರಗೆಲೆ.
ಒಂಬತ್ತು ನಿಮಿಷ. ಕುರಿ.
ಬರಲೇ ಇಲ್ಲ. ಕಾರಣ ಯಾರೂ ಹೇಳಲಿಲ್ಲ.

ಈ ವೇಲ್ಸ್ ಕಣಿವೆಯಲ್ಲಿ ಕೈ ಚಾಚಿದರಷ್ಟೇ ರೈಲು ನಿಲ್ಲುವುದು;
ಚಾಚಿ ಚಾಚಿ ಅವಳ ಬಲತೋಳು
ಎಡದ್ದಕ್ಕಿಂತ ಉದ್ದವಾಯಿತೆಂದು ಗಾರ್ಡ್ ಎಮ್ರಿಸನ ಕುಚೋದ್ಯ.

ಚಳಿಗಾಲ ಕಳೆದು
ಹೊಸ ಬೋಗಿ ಬಂತು, ಬೆಚ್ಚಗಿನ ಸೀಟು,
ಸೋರದ ಕಿಟಕಿ. ಕಂಬದ ಮೇಲೊಂದು ಪರದೆ,
ನಿಜವನ್ನೇ ಹೇಳುವಂಥದು.
ನೆಸ್ಟಾ ನಂಬಲಿಲ್ಲ.
ಸೋಮವಾರ ಎಂದಿನಂತೆ ಇನ್ನೊಂದು ಗುಟುಕು ಚಹಾ ಕುಡಿದು
ಮೆಟ್ಟಿಲಿಳಿದಾಗ
ತಿರುವಿನಲ್ಲಿ ಕೆಂಪು ದೀಪ ಮಾತ್ರ, ಸಣ್ಣಗಾಗುತ್ತ.

ಬೆಂಚಿನ ಮೇಲೆ ಕೂತು ಪೆನ್ನು ತೆಗೆದಳು:
ಏಳು ಹತ್ತು. ಸರಿಯಾದ ಹೊತ್ತಿಗೆ.
ನೆಸ್ಟಾ, ಎರಡು ನಿಮಿಷ ತಡ.
ಕಾರಣ: ರೂಢಿ.