ಸವಾಲು

ಪಾಲಿಬೆಟ್ಟದ ಕಾಫಿ ಗೋದಾಮು. ಕಣದ ಧೂಳು ಇನ್ನೂ ಕಿಟಕಿಯಲ್ಲಿ.
ತೀರಿಹೋದ ಪ್ಲಾಂಟರ್ ದೊರೆಯ ಸಾಮಾನು ಮೂರು ಮೇಜಿನ ಮೇಲೆ:
ಒಂಟಿ ಕೊಂಬಿನ ಕಾಟಿ, ಕೈ ಮುರಿದ ನರ್ತಕಿ,
ಯಾವುದೋ ದೇವರಕಾಡಿನ ಹರಕೆಯ ನಾಯಿ,
ಹೆಬ್ಬೆರಳುದ್ದ, ಕಂಚಿನದು, ಕಿವಿ ನಿಗುರಿಸಿಕೊಂಡು
ಅಯ್ಯಪ್ಪ ಕರೆದಾನೆಂದು ಕಾಯುತ್ತಿದೆ.

ನಾನು ಮುಟ್ಟಿ ನೋಡುವವನು.
ಮಡಿಕೇರಿಯಲ್ಲಿ ಗಡಿಯಾರ ರಿಪೇರಿ, ಮೂವತ್ತೆರಡು ವರ್ಷ.
ಬೇರೆಯವರ ಹೊತ್ತು ಸರಿಮಾಡಿ ಉಳಿದ ದುಡ್ಡಲ್ಲಿ
ಹಳೆ ಕಂಚು ಕೊಳ್ಳುತ್ತೇನೆ. ಹೆಂಡತಿಗೆ ಅರ್ಧ ಬೆಲೆ ಹೇಳುತ್ತೇನೆ,
ಅವಳು ಅದನ್ನು ಎರಡರಿಂದ ಗುಣಿಸಿಕೊಳ್ಳುತ್ತಾಳೆ.
ಒಮ್ಮೆ ಒಂದು ದೀಪಲಕ್ಷ್ಮಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಳು;
ಇನ್ನೂರು ವರ್ಷದ ಕಿಲುಬು ಬಚ್ಚಲಲ್ಲಿ ಹಸಿರಾಗಿ ಹರಿಯಿತು.
ಮೂರು ದಿನ ಮಾತು ಬಿಟ್ಟೆ. ಲಕ್ಷ್ಮಿ ಮಾತ್ರ
ಹೊಸ ಮದುಮಗಳ ಹಾಗೆ ಹೊಳೆಯುತ್ತಿದ್ದಳು.

ಹರಾಜಿನ ಉಸ್ಮಾನ್‌ಕುಟ್ಟಿಯದು ಕಂಚಿನ ಕಂಠ.
ಲಾಟು ನಲವತ್ತೊಂದು, ಅಂದ. ಪದಕ.
ಕತ್ತಿ ಎತ್ತಿದ ಕೊಡಗಿನ ಯೋಧ,
ಅವನ ಸುತ್ತ ಸವೆದ ಕನ್ನಡ ಅಕ್ಷರ.
ಹದಿನೆಂಟುನೂರ ಮೂವತ್ತೇಳರ ದಂಗೆ ಅಡಗಿಸಿದವರಿಗೆ
ಕುಂಪಣಿ ಸರಕಾರ ಮೆಚ್ಚಿ ಕೊಟ್ಟದ್ದು.

ದಂಗೆ ಎದ್ದವರು ನಮ್ಮವರು.
ಸಂಪಾಜೆಯ ನಮ್ಮ ಕುಟುಂಬದಲ್ಲಿ ಒಂದು ಹೆಸರನ್ನು
ಇವತ್ತಿಗೂ ಮಕ್ಕಳಿಗೆ ಇಡುವುದಿಲ್ಲ.
ಘಾಟಿ ಇಳಿದು ಹೋದವನು;
ತಿರುಗಿ ಬಂದದ್ದು ಅವನ ಎತ್ತು ಮಾತ್ರ.
ನನಗೇಕೆ ಬೇಕಿತ್ತು ಆ ಪದಕ? ಕರಗಿಸಲಿಕ್ಕೋ, ಗಾಜಿನಡಿ ಇಡಲಿಕ್ಕೋ,
ಒಂದು ಸಲ ಉಗಿಯಲಿಕ್ಕೋ?
ಕೇಳಿಕೊಳ್ಳುವಷ್ಟರಲ್ಲಿ ಕೈ ಎದ್ದಾಗಿತ್ತು: ನಾಲ್ಕು ಸಾವಿರ.

ಹಿಂದಿನ ಸಾಲಲ್ಲಿ ಒಂದು ಕೊಡೆ ಎದ್ದಿತು. ಐದು.
ದೇಚಮ್ಮ. ನೆರಿಗೆ ಹಿಂದಕ್ಕೆ ಸಿಕ್ಕಿಸಿದ ಸೀರೆ, ಕಾಲ ಬಳಿ ಕಿತ್ತಳೆಯ ಚೀಲ.
ಆರು, ಅಂದೆ. ಕೊಡೆ. ಎಂಟು. ಕೊಡೆ.
ನಮ್ಮ ಭಾಷೆಯಲ್ಲಿ ಬೆಲೆ ಕೂಗುವುದಕ್ಕೂ ಸವಾಲು,
ಬಾ ನೋಡೋಣ ಅನ್ನುವುದಕ್ಕೂ ಸವಾಲು.
ಮಂಗಳೂರಿನ ವ್ಯಾಪಾರಿಗಳು ಬೀಡಿ ಆರಿಸಿ ತಿರುಗಿ ಕೂತರು.
ಹನ್ನೊಂದು. ಕೊಡೆ. ಹದಿಮೂರೂವರೆ, ಅಂದೆ,
ಮಗಳ ಹಲ್ಲಿಗೆ ತಂತಿ ಕಟ್ಟಿಸಲು ಇಟ್ಟದ್ದು ಅದರಲ್ಲಿ ಐದು.
ಕೊಡೆ ನೆಲಕ್ಕೆ ಊರಿತು.

ಒಂದನೇ ಸಲ. ಎರಡನೇ ಸಲ.
ಮೂರನೆಯದಕ್ಕೆ ಮುಂಚೆ ಉಸ್ಮಾನ್‌ಕುಟ್ಟಿ ಉಗುಳು ನುಂಗಿದ.
ಅಷ್ಟು ಉದ್ದದ ಕ್ಷಣ
ಯಾವ ಗಡಿಯಾರ ಬಿಚ್ಚಿದರೂ ನನಗೆ ಸಿಕ್ಕಿಲ್ಲ.

ಕೈಗೆ ಬಂದ ಮೇಲೆ ಅಂಚು ಸವರಿದೆ. ಕೊಂಡಿಯ ಗುರುತಿಲ್ಲ.
ಅದೇ ಅಚ್ಚಿನಲ್ಲಿ ಎಷ್ಟೋ ವರ್ಷದ ಮೇಲೆ ಒತ್ತಿದ್ದು,
ಯಾರ ಎದೆಯ ಮೇಲೂ ತೂಗಿದ್ದಲ್ಲ.

ಹೊರಗೆ ದೇಚಮ್ಮ ಜೀಪಿಗೆ ಕಾಯುತ್ತಿದ್ದಳು. ಒಂದು ಕಿತ್ತಳೆ ಕೊಟ್ಟಳು.
'ನಮ್ಮದು ಬೆಳ್ಳಿಯದು. ಅತ್ತೆ ಅದನ್ನು ಕರಗಿಸಿ
ನನ್ನ ಕಾಲಿಗೆ ಗೆಜ್ಜೆ ಮಾಡಿಸಿದರು. ನಡೆದು ನಡೆದು ಸವೆಸಿದೆ.
ಇದು ನಕಲು. ಗೊತ್ತಿತ್ತು.'
'ಮತ್ತೆ ಯಾಕೆ ಕೂಗಿದಿರಿ?'
'ಪಟ್ಟಿಯಲ್ಲಿ ನಿಮ್ಮ ಊರು ಓದಿದೆ. ಸಂಪಾಜೆಯವರು
ಈ ಸಲ ಎಲ್ಲಿಯ ತನಕ ಬರುತ್ತೀರಿ ನೋಡೋಣ ಅಂತ.'
ನಕ್ಕಳು. ನಾನೂ ನಕ್ಕೆನೋ ಏನೋ. ಕಿತ್ತಳೆ ಹುಳಿ ಇತ್ತು.

ನಾಯಿ ಒಂಬೈನೂರಕ್ಕೆ ಹೋಯಿತು, ಮಂಗಳೂರಿಗೆ.
ನನ್ನ ಬಳಿ ಬಸ್ಸಿನ ದುಡ್ಡು ಮಾತ್ರ ಉಳಿದಿತ್ತು.
ಹಳೆ ಪೇಪರಿನಲ್ಲಿ ಸುತ್ತುವಾಗಲೂ ಅದರ ಕಿವಿ ನಿಗುರಿಯೇ ಇತ್ತು;
ಕಾಗದ ಆ ಎರಡು ಕಡೆ ಹರಿಯಿತು.

ಸಿದ್ದಾಪುರ ದಾಟುವ ತನಕ ಮನಸ್ಸಲ್ಲೇ ಅಭ್ಯಾಸ ಮಾಡಿದೆ:
ಆರೂಮುಕ್ಕಾಲು ಸಾವಿರ, ಆರೂಮುಕ್ಕಾಲು.
ಆಮೇಲೆ ಪದಕ ಅವಳ ಕೈಗೇ ಕೊಡುವುದೆಂದುಕೊಂಡೆ,
ಬೇಕಾದ ಹಾಗೆ ತಿಕ್ಕಲಿ.
ಮನೆಯಲ್ಲಿ ಹುಣಸೆಹಣ್ಣು ಇದೆಯೋ ಇಲ್ಲವೋ.